ಕಾರಿನ ಹಿಂದೆ ಗಾಲಿಮನೆ: ಕಟ್ಟುವ ಮುನ್ನ ತೂಗಿರಿ

ರಜೆ ಬಂತೆಂದರೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವುದು ಈಗ ನಮ್ಮ ಊರುಗಳಲ್ಲಿಯೂ ವಾಡಿಕೆ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳಿರುವ ಪುಟ್ಟ ಗಾಲಿಮನೆಯೊಂದನ್ನು, ಎಂದರೆ ಪ್ರವಾಸದ ಟ್ರೈಲರನ್ನು, ಕಾರಿಗೆ ಕಟ್ಟಿಕೊಂಡು ಹೋಗುವ ಆಸೆಯೂ ಕೆಲವರಿಗೆ ಹುಟ್ಟಿದೆ. ಆಸೆ ತಪ್ಪಲ್ಲ. ಆದರೆ “ನಮ್ಮ ಕಾರು ಇದನ್ನು ಎಳೆದೀತೆ?” ಎಂದು ಕೇಳಿದರೆ ಸಾಲದು, “ನಿಲ್ಲಿಸೀತೆ?” ಎಂದೂ ಕೇಳಬೇಕು.

ವಿಟ್ಲದ ಕುಟುಂಬವೊಂದು ಮೂಡಿಗೆರೆಯ ಕಡೆಗೆ ಹೊರಟಿತೆನ್ನೋಣ. ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ದಾಟಿದ ಮೇಲೆ ಚಾರ್ಮಾಡಿ ಘಾಟಿ. ಹತ್ತುವಾಗ ಶಕ್ತಿ ಸಾಲದಿದ್ದರೆ ಕಾರು ಏದುಸಿರು ಬಿಟ್ಟು ನಿಂತೀತು. ಮರಳಿ ಇಳಿಯುವಾಗಿನ ಮಾತೇ ಬೇರೆ. ಹಿಂದಿನ ಭಾರ ಕಾರನ್ನು ನೂಕುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಅಡಗಿಸಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಕಾದ ಬ್ರೇಕಿಗೆ ಹಿಡಿತ ಕಡಮೆ. ಯೂರೋಪಿನ ದೇಶಗಳಲ್ಲಿ ೭೫೦ ಕಿಲೋಗ್ರಾಮಿಗಿಂತ ಹೆಚ್ಚು ತೂಕದ ಟ್ರೈಲರಿಗೆ ಸ್ವಂತ ಬ್ರೇಕು ಇರಲೇಬೇಕೆಂಬ ವಿಧಿ ಇರುವುದು ಇದಕ್ಕಾಗಿಯೇ.

ಆದ್ದರಿಂದ ಮೊದಲು ಕಾರಿನ ಕೈಪಿಡಿಯನ್ನು ತೆರೆಯಿರಿ. ಎಳೆಯಬಹುದಾದ ಗರಿಷ್ಠ ತೂಕ ಅದರಲ್ಲಿ ಇದೆಯೇ ನೋಡಿರಿ. ಎಳೆಯಬಾರದೆಂದು ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಕೆಟ್ಟು ನಿಂತಾಗ ಹಗ್ಗ ಬಿಗಿಯಲು ಕಾರಿಗೆ ಕೊಟ್ಟಿರುವ ಕೊಕ್ಕೆ ಟ್ರೈಲರು ಕಟ್ಟುವುದಕ್ಕಲ್ಲ.

ಒಂದು ಲೆಕ್ಕ ಮಾಡೋಣ. ಕಾರು ಎಳೆಯಬಹುದಾದ ಮಿತಿ ೧,೫೦೦ ಕಿಲೋ ಎಂದಿಟ್ಟುಕೊಳ್ಳಿ. ಘಾಟಿಯ ದಾರಿಗೆಂದು ಐದರಲ್ಲೊಂದು ಪಾಲು ಕಡಮೆ ಮಾಡಿದರೆ ೧,೨೦೦. ಬರಿಯ ಟ್ರೈಲರಿನ ತೂಕ ೯೫೦ ಎಂದರೆ ಧಾರಾಳವಾಯಿತಲ್ಲ ಎನಿಸುತ್ತದೆ. ಆದರೆ ೮೦ ಲೀಟರು ನೀರು ೮೦ ಕಿಲೋ. ತುಂಬಿದ ಅಡಿಗೆ ಅನಿಲದ ಸಿಲಿಂಡರು ಸುಮಾರು ೩೦. ಪಾತ್ರೆ, ಅಕ್ಕಿ, ಹೊದಿಕೆ ಇತ್ಯಾದಿ ೧೪೦. ಅಲ್ಲಿಗೆ ೧,೨೦೦ ತುಂಬಿತು.

ಇಷ್ಟಕ್ಕೆ ಮುಗಿಯಲಿಲ್ಲ. ಎತ್ತಿನ ಗಾಡಿ ಹೊಡೆದ ಹಿರಿಯರನ್ನು ಕೇಳಿ ನೋಡಿ: ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಇಲ್ಲಿಯೂ ಹಾಗೆಯೆ. ಟ್ರೈಲರಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕು; ಆದರೆ ಕೊಂಡಿಗೆ ಕೈಪಿಡಿ ಹೇಳಿದ ಮಿತಿಯನ್ನು ಮೀರಬಾರದು. ಭಾರದ ಸಾಮಾನು ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಇರಲಿ. ಬಾಲ ಭಾರವಾದರೆ ಟ್ರೈಲರು ಎಡಬಲಕ್ಕೆ ತೂಗಾಡಿ ಕಾರನ್ನೇ ದಾರಿ ತಪ್ಪಿಸೀತು.

ಕೊಂಡಿಯ ಮೇಲಿನ ಆ ೧೨೦ ಕಿಲೋ ಕಾರು ಹೊರುವ ಭಾರಕ್ಕೆ ಸೇರುತ್ತದೆ. ಕಾರು ೫೦೦ ಕಿಲೋ ಹೊರಬಲ್ಲದಾದರೆ, ಐದು ಜನಕ್ಕೆ ೩೨೦, ಪೆಟ್ಟಿಗೆಗಳಿಗೆ ೬೦, ಕೊಂಡಿಗೆ ೧೨೦. ಮತ್ತೆ ಒಂದು ತೆಂಗಿನಕಾಯಿಗೂ ಎಡೆಯಿಲ್ಲ! ಇಂಥ ಕಾರಿಗೆ ಇನ್ನೂ ಹಗುರವಾದ ಟ್ರೈಲರೇ ಲೇಸು.

ಕೊಳ್ಳುವ ಮೊದಲು ಕಾಗದಪತ್ರವನ್ನೂ ನೋಡಿರಿ. ೧೯೮೮ರ ಮೋಟಾರು ವಾಹನ ಕಾಯಿದೆ ಟ್ರೈಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅದಕ್ಕೆ ನೋಂದಣಿ ಬೇಕು. ನಿಯಮಗಳನ್ನು ಬಂಟ್ವಾಳದ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ಆಮೇಲೆ ಮುಂಗಡ ಕೊಡಿರಿ.

ಸಾಮಾನು ತುಂಬಿದ ಮೇಲೆ, ಲಾರಿಗಳನ್ನು ತೂಗುವ ಕಾಟಾದಲ್ಲಿ ಒಮ್ಮೆ ತೂಗಿಸಿ ನೋಡಿ. ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಹಾಕಿರಿ. ತೂಗಾಟ ಕಂಡರೆ ಗಾಬರಿಯಿಂದ ಸ್ಟಿಯರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆಯಿರಿ. ಓಡುವ ಟ್ರೈಲರಿನೊಳಗೆ ಯಾರೂ, ಮಕ್ಕಳಂತೂ, ಇರಕೂಡದು.

ಅಂಗಡಿಯಲ್ಲಿ ದೊಡ್ಡ ಟ್ರೈಲರು ಕಣ್ಣಿಗೆ ಚೆಂದ ಕಂಡೀತು. ಘಾಟಿಯ ತಿರುವಿನಲ್ಲಿ ನೆಮ್ಮದಿ ಕೊಡುವುದು ಹಗುರವಾದದ್ದೇ.