ಔಷಧಿ ಚೀಟಿಯ ಭಾರ

ಮಗುವಿಗೆ ಎರಡು ದಿನದಿಂದ ಶೀತ, ಸಣ್ಣಗೆ ಜ್ವರ. ಮನೆಯವರು ದುಡಿಮೆಗಾಗಿ ದೂರದ ಊರಿನಲ್ಲಿದ್ದಾರೆ. ತಾಯಿ ಮಗುವನ್ನೆತ್ತಿಕೊಂಡು ಮನೆ ಹತ್ತಿರದ ಡಾಕ್ಟರರ ಬಳಿಗೆ ಓಡುತ್ತಾಳೆ. ಎರಡು ನಿಮಿಷದ ತಪಾಸಣೆ. ಚೀಟಿಯಲ್ಲಿ ಜ್ವರದ ಸಿರಪ್, ಕೆಮ್ಮಿನ ಸಿರಪ್, ಆಂಟಿಬಯಾಟಿಕ್, ಕೊನೆಗೊಂದು ಟಾನಿಕ್. ಮೆಡಿಕಲ್ ಅಂಗಡಿಯ ಬಿಲ್ಲು ಡಾಕ್ಟರರ ಫೀಸಿನ ಮೂರು ಪಟ್ಟು! ಆ ವಾರ ಮನೆಯ ಅಜ್ಜಿಗೆ ಬಿ.ಪಿ. ಮಾತ್ರೆ ಬರುವುದಿಲ್ಲ. "ಈಗ ಆರಾಮ ಉಂಟಲ್ಲ, ಬರುವ ವಾರ ತಂದರಾಯಿತು" ಎಂದು ಅಜ್ಜಿಯೇ ಹೇಳಿಬಿಡುತ್ತಾರೆ.

ಇಂತಹ ದೃಶ್ಯ ನಮ್ಮಲ್ಲಿ ಹೊಸದಲ್ಲ. ಆದರೆ ಚೀಟಿ ದುಬಾರಿಯಾಗಲು ಕಾಯಿಲೆಯೊಂದೇ ಕಾರಣವಲ್ಲ. ಬರೆಯುವವರ ಅಭ್ಯಾಸವೂ ಕಾರಣ, ನಮ್ಮ ನಿರೀಕ್ಷೆಯೂ ಕಾರಣ.

ಕೈಗೆ ಬಂದ ಹೆಸರು

ಒಂದೇ ಪ್ಯಾರಾಸಿಟಮಾಲ್ ಹತ್ತಾರು ಕಂಪೆನಿಗಳ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಸಿಗುತ್ತದೆ. ವರ್ಷಗಳಿಂದ ಬರೆದು ರೂಢಿಯಾದ, ಕಂಪೆನಿಯ ಪ್ರತಿನಿಧಿಗಳು ಮತ್ತೆ ಮತ್ತೆ ನೆನಪಿಸುವ ಹೆಸರೇ ವೈದ್ಯರ ಪೆನ್ನಿಗೆ ಮೊದಲು ಬರುತ್ತದೆ. ಅದರ ಬೆಲೆ ಅವರಿಗೆ ಗೊತ್ತಿರಬೇಕೆಂದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ, ವೈದ್ಯರು ದುಬಾರಿ ಔಷಧಿಯ ಬೆಲೆಯನ್ನು ಕಡಿಮೆಯೆಂದೂ ಅಗ್ಗದ ಔಷಧಿಯ ಬೆಲೆಯನ್ನು ಹೆಚ್ಚೆಂದೂ ಅಂದಾಜಿಸುತ್ತಾರೆ.

ನಾವೂ ಪಾಲುದಾರರು

"ಆ ಡಾಕ್ಟ್ರು ಒಂದು ಇಂಜೆಕ್ಷನ್ ಕೂಡಾ ಕೊಡಲಿಲ್ಲ" ಎಂದು ದೂರುವವರು ನಾವೇ ಅಲ್ಲವೇ? ಆಸ್ಟ್ರೇಲಿಯಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕರ. ಔಷಧಿ ಬಯಸಿ ಬಂದ ರೋಗಿಗೆ ಅದು ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಿತ್ತು. 'ಈ ರೋಗಿ ಔಷಧಿ ಬಯಸುತ್ತಿದ್ದಾನೆ' ಎಂದು ವೈದ್ಯರೇ ಭಾವಿಸಿದಾಗ ಅದು ಹತ್ತು ಪಟ್ಟು! ಸಾಮಾನ್ಯ ಶೀತ ವೈರಸ್‌ನಿಂದ ಬರುವಂಥದ್ದು. ಆಂಟಿಬಯಾಟಿಕ್ ಅದನ್ನು ಗುಣಪಡಿಸದು. ಆದರೆ ಇದನ್ನು ವಿವರಿಸಲು ಹತ್ತು ನಿಮಿಷ ಬೇಕು, ಬರೆದುಕೊಡಲು ಅರ್ಧ ನಿಮಿಷ ಸಾಕು. ಹೊರಗೆ ಸರದಿ ಕಾಯುತ್ತಿರುತ್ತದೆ.

ನಿಯಮವೇನೋ ಇದೆ

ವೈದ್ಯರು ಔಷಧಿಯ ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿಯ ನಿಯಮ 2016ರ ತಿದ್ದುಪಡಿಯಲ್ಲಿ ಹೇಳಿತು. 2023ರ ಆಗಸ್ಟ್‌ನಲ್ಲಿ ಇನ್ನೂ ಕಟ್ಟುನಿಟ್ಟಿನ ನಿಯಮ ಬಂದಾಗ, ಜನರಿಕ್‌ಗಳ ಗುಣಮಟ್ಟಕ್ಕೆ ಖಾತರಿ ಯಾರೆಂದು ವೈದ್ಯರು ಪ್ರಶ್ನಿಸಿದರು. ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ವೈದ್ಯರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಿಲ್ಲು ಕಟ್ಟುವವರ ಕಷ್ಟವೂ ಸುಳ್ಳಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯಂತಹ ನಿತ್ಯದ ಮಾತ್ರೆಗಳು ಬ್ರ್ಯಾಂಡಿನವುಗಳಿಗಿಂತ ಬಹಳ ಅಗ್ಗ.

ಕೇಳಲು ಸಂಕೋಚವೇಕೆ?

"ಡಾಕ್ಟ್ರೇ, ಇವುಗಳಲ್ಲಿ ತೀರಾ ಅಗತ್ಯವಿರುವುದು ಯಾವುದು? ಇದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೆಯೇ? ಟಾನಿಕ್ ಇಲ್ಲದಿದ್ದರೆ ತೊಂದರೆಯೇ?" ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಔಷಧಿಗಳನ್ನು ಜೊತೆಗೆ ಒಯ್ದು ತೋರಿಸಿದರೆ ಅದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ.

ಆದರೆ ಉಳಿತಾಯದ ಹೆಸರಿನಲ್ಲಿ ಮಾತ್ರೆಯನ್ನು ನಾವೇ ನಿಲ್ಲಿಸುವುದು, ನೆರೆಮನೆಯವರ ಚೀಟಿ ತೋರಿಸಿ ಕೊಳ್ಳುವುದು ಬೇಡ. ಅಪಸ್ಮಾರ, ಥೈರಾಯ್ಡ್‌ನಂತಹ ಕಾಯಿಲೆಗಳ ಮಾತ್ರೆಯನ್ನು ವೈದ್ಯರಿಗೆ ತಿಳಿಸದೆ ಬದಲಿಸಬಾರದು. ಮಗುವಿಗೆ ಉಸಿರಾಟ ಕಷ್ಟವಾದರೆ, ಹಾಲು ಕುಡಿಯದಿದ್ದರೆ ಖರ್ಚಿನ ಲೆಕ್ಕ ಹಾಕುತ್ತಾ ಕೂರಬಾರದು.

ಮನೆಯ ಖರ್ಚು ತೂಗಿಸುವ ಗೃಹಿಣಿ ತರಕಾರಿಯ ಬೆಲೆಯನ್ನು ಎರಡು ಕಡೆ ವಿಚಾರಿಸುತ್ತಾಳೆ. ಔಷಧಿಯ ಬಗ್ಗೆ ಎರಡು ಮಾತು ಕೇಳಿದರೆ ತಪ್ಪೇನು? ಬೇಡದ ಟಾನಿಕ್ ಒಂದು ಉಳಿದರೆ, ಅಜ್ಜಿಯ ಮಾತ್ರೆ ಈ ವಾರವೇ ಬರುತ್ತದೆ.