ಕಡಲಡಿಯ ಹಡಗು ಮತ್ತು ಮುಳುಗುಗಾರನ ಉಸಿರು

ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ ಎಂಬುದು ಈ ಸೀಮೆಯ ಬಾಲಕರಿಗೂ ತಿಳಿದ ಸಂಗತಿ. ಮಳೆಗಾಲದಲ್ಲಿ ನೀರಿನ ಏರಿಕೆಯನ್ನು ಅಡಿಯಡಿಯಾಗಿ ಎಣಿಸುವ ನಮ್ಮ ರೈತರಿಗೆ ಆ ಅಂಕೆಯೇ ವರ್ಷದ ಬೆಳೆಯ ಭರವಸೆ. ಅದನ್ನೇ ಅಳತೆಗೋಲಾಗಿ ಹಿಡಿದರೆ ಕಡಲಿನ ಆಳವೂ ನಮ್ಮ ಊಹೆಗೆ ನಿಲುಕುವುದು.

2025ರ ಮೇ 25ರಂದು ಕೊಚ್ಚಿಯ ಬಳಿ ಅರಬ್ಬೀ ಸಮುದ್ರದಲ್ಲಿ ಎಂ.ಎಸ್.ಸಿ. ಎಲ್ಸಾ-3 ಎಂಬ ಸರಕು ಹಡಗು ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಬದುಕಿ ಉಳಿದರು. ಆದರೆ ಹಡಗಿನ ತೊಟ್ಟಿಗಳಲ್ಲಿ ಸುಮಾರು 367 ಟನ್ ಫರ್ನೇಸ್ ಎಣ್ಣೆಯೂ 84 ಟನ್ ಡೀಸೆಲ್ಲೂ ಇದ್ದವು. ಅದು ಸೋರಿದರೆ ಮೀನಿಗೂ ಮೀನುಗಾರನ ಬಾಳಿಗೂ ಕೇಡು. ಹಡಗು ನೆಲೆಸಿದ್ದುದು ಸುಮಾರು 51 ಮೀಟರು, ಅಂದರೆ 167 ಅಡಿ ಆಳದಲ್ಲಿ. ನಮ್ಮ ಜಲಾಶಯ ತುಂಬಲು 19 ಅಡಿ ಬಾಕಿಯಿರುವಾಗ ಇರುವಷ್ಟು ನೀರು. ಅಷ್ಟು ಆಳಕ್ಕೆ ಇಳಿದು ಕೆಲಸ ಮಾಡುವವನ ಪಾಡೇನು ಎಂಬುದನ್ನು ವಿಚಾರಿಸೋಣ.

ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆದುದರಿಂದ 50 ಮೀಟರು ಆಳದಲ್ಲಿ ಒತ್ತಡವು ನೆಲದ ಮೇಲಿನದಕ್ಕಿಂತ ಆರು ಪಟ್ಟು. ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುವುದೆಂಬ ಬಾಯ್ಲನ ನಿಯಮವನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಅಲ್ಲಿ ಅದು ಜೀವನ್ಮರಣದ ಪ್ರಶ್ನೆ. ನೀರಿನ ಮೇಲ್ಮೈಯಲ್ಲಿ ಒಂದು ಗಂಟೆ ಬರುವ ಗಾಳಿಯ ಸಿಲಿಂಡರು ಆ ಆಳದಲ್ಲಿ ಹತ್ತೇ ನಿಮಿಷದಲ್ಲಿ ಬರಿದಾಗುವುದು. ಉಸಿರು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶವಂತೂ ಗಾಳಿ ಹಿಗ್ಗಿ ಹರಿದುಹೋಗಬಹುದು.

ಎರಡನೆಯ ಅಪಾಯ ಸಾರಜನಕದ್ದು. ಸುಮಾರು 30 ಮೀಟರಿನಿಂದ ಕೆಳಗೆ ಅದು ಮದ್ಯದಂತೆ ಬುದ್ಧಿಯನ್ನು ಮಂಕುಗೊಳಿಸುತ್ತದೆ. ವಿನೋದಕ್ಕಾಗಿ ಮುಳುಗುವವರಿಗೆ 40 ಮೀಟರನ್ನು ಮಿತಿಯಾಗಿ ವಿಧಿಸಿರುವುದಕ್ಕೆ ಇದೂ ಒಂದು ಕಾರಣ. ಇನ್ನೂ ಆಳಕ್ಕೆ ಹೋಗುವವರು ಹೀಲಿಯಂ ಬೆರೆಸಿದ ಗಾಳಿಯನ್ನು ಉಸಿರಾಡುತ್ತಾರೆ.

ಮೂರನೆಯದು ಮೇಲೇರುವಾಗಿನ ಗಂಡಾಂತರ. ಒತ್ತಡದಲ್ಲಿ ರಕ್ತಮಾಂಸಗಳಲ್ಲಿ ಕರಗಿದ ಅನಿಲವು, ಗೋಲಿ ಸೋಡಾವನ್ನು ಥಟ್ಟನೆ ತೆರೆದಾಗ ನೊರೆ ಉಕ್ಕುವಂತೆ, ದೇಹದೊಳಗೆ ಗುಳ್ಳೆಗಳಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ, 1872ರಲ್ಲಿ, ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಈ ವ್ಯಾಧಿಯಿಂದಲೇ ಹಾಸಿಗೆ ಹಿಡಿದರು. ಹಂತಹಂತವಾಗಿ ನಿಂತು ಮೇಲೇರುವ ಕ್ರಮವನ್ನು ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ 1908ರಲ್ಲಿ ಕೋಷ್ಟಕಗಳ ರೂಪದಲ್ಲಿ ನಿರೂಪಿಸಿದರು. ಆ ಆಳದಲ್ಲಿ 20 ನಿಮಿಷ ದುಡಿದವನು ಮೇಲೆ ಬರಲು ಅದಕ್ಕಿಂತ ಹೆಚ್ಚು ಕಾಲ ಕಾಯಬೇಕು.

ಇಷ್ಟರ ಮೇಲೆ ಹಡಗಿನ ಒಡಲು ಸ್ವತಃ ಒಂದು ಚಕ್ರವ್ಯೂಹ. ಕತ್ತಲೆ, ಕದಡಿದ ಕೆಸರು, ತೊಡರುವ ಬಲೆ ಮತ್ತು ತಂತಿಗಳ ನಡುವೆ ದಾರಿ ತಪ್ಪುವುದು ಸುಲಭ. ಆದುದರಿಂದ ಒಳಹೊಗುವವನು ಹಗ್ಗವನ್ನು ಬಿಚ್ಚುತ್ತ ಸಾಗುತ್ತಾನೆ. ಗಾಳಿಯ ಮೂರರಲ್ಲೊಂದು ಪಾಲನ್ನು ಹೋಗುವುದಕ್ಕೆ, ಒಂದನ್ನು ಮರಳುವುದಕ್ಕೆ, ಇನ್ನೊಂದನ್ನು ಆಪತ್ತಿಗೆಂದು ಮೀಸಲಿಡುತ್ತಾನೆ.

ದಿನಗಟ್ಟಲೆ ಕೆಲಸವಿದ್ದಾಗ ಮುಳುಗುಗಾರರು ಹಡಗಿನ ಮೇಲಿನ ಒತ್ತಡದ ಕೋಣೆಯಲ್ಲಿಯೇ ವಾಸಿಸಿ, ಗಂಟೆಯಾಕಾರದ ಕೋಶದಲ್ಲಿ ಇಳಿದು ಹತ್ತುತ್ತಾರೆ. ಸಾಮಾನ್ಯ ಒತ್ತಡಕ್ಕೆ ಮರಳುವುದು ಕೊನೆಯಲ್ಲಿ ಒಂದೇ ಬಾರಿ. 300 ಮೀಟರಿನವರೆಗೆ ಇಂತಹ ಕಾರ್ಯಕ್ಕೆ ಸಜ್ಜಾದ ಐ.ಎನ್.ಎಸ್. ನಿಸ್ತಾರ್ ಹಡಗನ್ನು ಭಾರತೀಯ ನೌಕಾದಳವು 2025ರ ಜುಲೈ 18ರಂದು ಸೇವೆಗೆ ಸೇರಿಸಿಕೊಂಡಿತು. ಅದನ್ನು ನಿರ್ಮಿಸಿದುದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂಬುದು ಹೆಮ್ಮೆಯ ವಿಷಯ.

ಆಳಕ್ಕೆ ಇಳಿಯಲು ಧೈರ್ಯ ಸಾಕಾದೀತು; ಮರಳಿ ಬರಲು ಲೆಕ್ಕವೂ ತಾಳ್ಮೆಯೂ ಬೇಕು. ಬಾಯ್ಲನ ನಿಯಮವನ್ನು ಬೋಧಿಸುವಾಗ ಉಪಾಧ್ಯಾಯರು ನಮ್ಮ ಅಣೆಕಟ್ಟಿನ ಕಡೆಗೆ ಒಮ್ಮೆ ಕೈತೋರಿಸಿದರೆ, ಆ ಸತ್ಯವು ವಿದ್ಯಾರ್ಥಿಗಳ ಮನದಲ್ಲಿ ಅಚ್ಚಳಿಯದೆ ನಿಲ್ಲುವುದರಲ್ಲಿ ಸಂದೇಹವಿಲ್ಲ.