ಉದ್ರಿ ಪುಸ್ತಕದಿಂದ ಕ್ಯೂಆರ್ ಚೀಟಿಗೆ: ಘಟ್ಟದ ಮೇಲೆ ನಮ್ಮ ವ್ಯಾಪಾರ

'ಬ್ಯಾರಿ' ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಪದದಿಂದ ಬಂತು ಎನ್ನುವವರು ಬಹಳ ಮಂದಿ. ಹೆಸರು ಹೇಗೇ ಬಂದಿರಲಿ, ವ್ಯಾಪಾರಕ್ಕೆಂದು ಘಟ್ಟ ಹತ್ತಿದವರು ನಾವು. ಸೊಲ್ಲಾಪುರದಿಂದ ಮಂಗಳೂರಿಗೆ ಬರುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13 ಚಿತ್ರದುರ್ಗ, ಹೊಳಲ್ಕೆರೆ, ಶಿವಮೊಗ್ಗ ದಾಟಿಯೇ ಕರಾವಳಿಗೆ ಇಳಿಯುತ್ತಿತ್ತು. ಆ ಕಡೆ ಹೋಗಿ ಅಂಗಡಿ, ಹೋಟೆಲ್ ಇಟ್ಟವರ ಬಂಡವಾಳ ಎರಡೇ: ಬಾಯಿಮಾತು ಮತ್ತು ಉದ್ರಿ ಪುಸ್ತಕ.

ಈಗ ಗಲ್ಲಾಪೆಟ್ಟಿಗೆಯ ಪಕ್ಕ ಇನ್ನೊಂದು ಪೆಟ್ಟಿಗೆ ಕೂತಿದೆ. ಗಿರಾಕಿ "ಹಾಕಿದೀನಿ ನೋಡ್ರಿ ಸಾಬ್ರೆ" ಅನ್ನುವಷ್ಟರಲ್ಲಿ ಅದು ಕನ್ನಡದಲ್ಲೇ ಮೊತ್ತ ಕೂಗಿ ಹೇಳುತ್ತದೆ. ಯುಪಿಐ ಶುರುವಾದದ್ದು 2016ರಲ್ಲಿ. ಹತ್ತು ವರ್ಷದೊಳಗೆ ಚಹಾದ ಗೂಡಂಗಡಿಗೂ ಅದು ಬಂತು.

ಬದಲಾದದ್ದು ಹಣ ಕೊಡುವ ರೀತಿ ಮಾತ್ರ ಅಲ್ಲ, ಗಿರಾಕಿ ಬರುವ ದಾರಿಯೂ ಹೌದು. ಚಿತ್ರದುರ್ಗದ ಕೋಟೆ ನೋಡಲು ಬರುವವರು ಊಟಕ್ಕೆ ಎಲ್ಲಿ ಹೋಗಬೇಕೆಂದು ಆಟೋದವರನ್ನು ಕೇಳುವುದಕ್ಕಿಂತ ಮೊದಲು ಗೂಗಲ್ ಮ್ಯಾಪ್ ನೋಡುತ್ತಾರೆ. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಹಿರಿಯೂರು ದಾಟುವ ಕಾರಿನವರೂ ಹಾಗೆಯೇ. ಹೋಟೆಲಿನ ಹೆಸರು, ತೆರೆಯುವ ಹೊತ್ತು, ನಾಲ್ಕು ಒಳ್ಳೆಯ ಫೋಟೊ ಮ್ಯಾಪಿನಲ್ಲಿ ಇಲ್ಲದಿದ್ದರೆ, ದಾರಿ ಬದಿಯಲ್ಲೇ ಇದ್ದರೂ ನಾವು ಅವರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮನೆಯ ಕಾಲೇಜು ಮಕ್ಕಳಿಗೆ ಅರ್ಧ ಗಂಟೆಯ ಕೆಲಸ.

ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಬೆಳೆಗಾರರಿಗೆ ಇವತ್ತಿನ ಧಾರಣೆ ಬೆಳಿಗ್ಗೆಯೇ ಮೊಬೈಲಿಗೆ ಬರುತ್ತದೆ. ಹೊಸದುರ್ಗದ ದಾಳಿಂಬೆ, ತೆಂಗಿನ ತೋಟದವರಿಗೂ ಬೇರೆ ಪೇಟೆಗಳ ದರ ಗೊತ್ತು. ದರ ತನಗೊಬ್ಬನಿಗೇ ಗೊತ್ತಿದೆ ಎಂಬ ಬಲದ ಮೇಲೆ ಮಾಡುತ್ತಿದ್ದ ವ್ಯಾಪಾರ ಇನ್ನು ನಡೆಯದು. ಸರಿಯಾದ ತೂಕ, ಹೇಳಿದ ದಿನಕ್ಕೆ ಹಣ, ಇಷ್ಟೇ ಉಳಿದಿರುವುದು. ಅದು ನಮಗೆ ಹೊಸ ಪಾಠವೇನಲ್ಲ.

ಮನೆಯ ಹೆಂಗಸರಿಗೂ ಬಾಗಿಲು ತೆರೆದಿದೆ. ವಾಟ್ಸಾಪ್ ಸ್ಟೇಟಸ್ ಹಾಕಿ ಪತ್ತಿರ್, ಬಿರಿಯಾನಿ, ಉಪ್ಪಿನಕಾಯಿಗೆ ಆರ್ಡರ್ ಹಿಡಿಯಬಹುದು. ಆದರೆ ತಿಂಡಿ ಮಾರುವುದಾದರೆ ಮನೆಯಿಂದಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಎಂಬುದು ನೆನಪಿರಲಿ.

ಇಷ್ಟೆಲ್ಲ ಸರಿ. ನಾವು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಲೆಕ್ಕದ ವಿಷಯ.

2025ರ ಜುಲೈ ತಿಂಗಳು ಯಾರೂ ಮರೆತಿರಲಾರರು. 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಿಗೆ ನೋಟಿಸ್ ಕಳಿಸಿತು. ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ರೂಪಾಯಿಯ ನೋಟಿಸ್ ಬಂತು. ಹಲವರು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬೋರ್ಡ್ ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಎಲ್ಲರೂ ನೋಂದಣಿ ಮಾಡಿಕೊಳ್ಳಬೇಕು ಎಂದರು. ಆಗ ಬೆಂಕಿ ಆರಿತು. ಆದರೆ ಕಾನೂನು ಹಾಗೆಯೇ ಇದೆ.

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಹೋಟೆಲಿನಂಥ ಸೇವೆಯವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹಾಲು, ತಾಜಾ ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ಇದು ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತೂ ಇದ್ದರೆ, ಮಿತಿ ಲೆಕ್ಕ ಹಾಕುವಾಗ ಎರಡೂ ಸೇರುತ್ತದೆ, ತೆರಿಗೆ ಮಾತ್ರ ಬಿಸ್ಕತ್ತಿಗೆ. ಸಣ್ಣವರಿಗೆ ಕಾಂಪೊಸಿಷನ್ ಎಂಬ ಸುಲಭ ದಾರಿ ಇದೆ: ಒಂದೂವರೆ ಕೋಟಿವರೆಗೆ ಅಂಗಡಿಯವರಿಗೆ ಶೇ. 1, ಹೋಟೆಲಿಗೆ ಶೇ. 5. ಅದನ್ನು ಗಿರಾಕಿಯಿಂದ ತೆರಿಗೆ ಎಂದು ಬೇರೆ ವಸೂಲು ಮಾಡುವ ಹಾಗಿಲ್ಲ. ಯಾವುದಕ್ಕೂ ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಮನೆಗಳ ನಿಜವಾದ ತೊಡಕು ಬೇರೆ. ಅಂಗಡಿಯ ಕ್ಯೂಆರ್ ಯಾರ ಖಾತೆಗೆ? ಬಾಪನ ಖಾತೆಗೆ. ಗಲ್ಫಿನಿಂದ ಮಗ ಕಳಿಸುವ ಹಣ ಎಲ್ಲಿಗೆ? ಅದೇ ಖಾತೆಗೆ. ತಂಗಿಯ ಮದುವೆಗೆ ಸಂಬಂಧಿಕರು ಕೊಟ್ಟದ್ದು, ಸ್ನೇಹಿತ ವಾಪಸು ಕೊಟ್ಟ ಕೈಸಾಲ, ಮಸೀದಿಗೆಂದು ಒಟ್ಟು ಮಾಡಿದ ಚಂದಾ, ಎಲ್ಲವೂ ಅಲ್ಲಿಗೇ. "ಲೆಕ್ಕ ಎಲ್ಲ ಫೋನಲ್ಲಿ ಉಂಟಲ್ಲ" ಎಂದು ನಾವು ಸುಮ್ಮನಿರುತ್ತೇವೆ. ಫೋನಿನಲ್ಲಿ ಇರುವುದು ಮೊತ್ತ, ಕಾರಣ ಅಲ್ಲ. ನಾಲ್ಕು ವರ್ಷ ಕಳೆದು ಯಾರಾದರೂ ಕೇಳಿದರೆ ಯಾವುದು ವ್ಯಾಪಾರ, ಯಾವುದು ಮದುವೆ ಎಂದು ಬಾಪನಿಗೇ ನೆನಪಿರುವುದಿಲ್ಲ. ಆದ್ದರಿಂದ ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ಮಸೀದಿಯ ಹಣ ಮಸೀದಿಯ ಖಾತೆಗೇ ಹೋಗಲಿ.

ಇದು ಸರ್ಕಾರದ ಭಯಕ್ಕೆ ಹೇಳುವ ಮಾತಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು ಬರೆದಿಡುವ ಬಗ್ಗೆಯೇ ಇದೆ. ಝಕಾತಿನ ಲೆಕ್ಕಕ್ಕೂ ಅಂಗಡಿಯ ಸರಕೆಷ್ಟು, ಕೈಯಲ್ಲಿ ಹಣವೆಷ್ಟು, ಬರಬೇಕಾದ್ದೆಷ್ಟು ಎಂದು ಗೊತ್ತಿರಬೇಕು. ಅಂದಾಜಿನಲ್ಲಿ ಕೊಡುತ್ತಿದ್ದ ಶೇ. 2.5 ಅನ್ನು ಸರಿಯಾಗಿ ಕೊಡಲು ಈ ಫೋನೇ ನೆರವಾಗಬಲ್ಲದು.

ಇನ್ನೆರಡು ಎಚ್ಚರಿಕೆ. ಹಣ ಪಡೆಯಲು ಪಿನ್ ಒತ್ತುವುದು ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಹಾಗೆ ಮಾಡಿ ಎಂದವನು ಕಳ್ಳ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಖಾತೆಯನ್ನೇ ನೋಡಿ. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ನಾಚಿಕೊಂಡು ಕೂರಬೇಡಿ.

ಎರಡನೆಯದು, ಆ್ಯಪಿನಲ್ಲೇ ಬರುವ ಸಾಲ. "ನಿಮಗೆ ಎರಡು ಲಕ್ಷ ಸಿದ್ಧವಿದೆ" ಎಂದು ಅದೇ ಹೇಳುತ್ತದೆ, ದಿನದ ವ್ಯಾಪಾರದಿಂದ ದಿನವೂ ಕಂತು ಕಡಿದುಕೊಳ್ಳುತ್ತದೆ. ಕಾಗದವಿಲ್ಲ, ಬ್ಯಾಂಕಿಗೆ ಅಲೆದಾಟವಿಲ್ಲ, ಆದರೆ ಬಡ್ಡಿ ಬಡ್ಡಿಯೇ. ಬಡ್ಡಿಯ ಮನೆ ಬಾಗಿಲಿಗೆ ಕಾಲಿಡದ ಹಿರಿಯರ ಮಕ್ಕಳು ಒಂದು ಬೆರಳಿನ ಒತ್ತಿಗೆ ಅದರೊಳಗೆ ಬೀಳಬಾರದು. ತುರ್ತಿದ್ದರೆ ಮೊದಲು ಕುಟುಂಬದಲ್ಲಿ, ಜಮಾಅತಿನಲ್ಲಿ ಕೇಳಿ.

ಹಳೆಯ ಉದ್ರಿ ಪುಸ್ತಕವನ್ನೂ ಬಿಸಾಡಬೇಡಿ. ಹೊಸದುರ್ಗದ ಸಂತೆಯ ದಿನ ಬರುವ ಅಜ್ಜನ ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದಿರಬಹುದು. "ಮುಂದಿನ ವಾರ ಕೊಡ್ತೀನಿ ಸಾಬ್ರೆ" ಎಂಬ ಅವರ ಮಾತನ್ನು ಬರೆದುಕೊಳ್ಳಲು ಆ ಪುಸ್ತಕವೇ ಬೇಕು. ರಾತ್ರಿ ಬಾಗಿಲು ಹಾಕುವ ಮೊದಲು ಹತ್ತು ನಿಮಿಷ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿ ಪುಸ್ತಕ, ಫೋನು, ಗಲ್ಲಾಪೆಟ್ಟಿಗೆ ಮೂರನ್ನೂ ತಾಳೆ ನೋಡಿ. ಬಾಪನಿಗೆ ಫೋನು, ಮಕ್ಕಳಿಗೆ ವ್ಯಾಪಾರ, ಎರಡೂ ಅಲ್ಲೇ ಕಲಿತ ಹಾಗಾಗುತ್ತದೆ.